ಶಾಫ್ಟ್ ಬಿಚ್ಚೋ ಮೊದಲು ಚಕ್ರಕ್ಕೆ ಅಡ್ಡ ಕೊಡಿ

ಗೌರಿಬಿದನೂರು ಪಕ್ಕದ ಕುಡುಮಲಕುಂಟೆ ಕೈಗಾರಿಕಾ ಪ್ರದೇಶಕ್ಕೆ ಸರಕು ಹೊರೋರೇ, ಇದು ನಿಮಗೆ. 2005ರಲ್ಲಿ ಬಂದ ಟಾಟಾ ಏಸ್ ತಗೊಳ್ಳಿ. ಎಂಜಿನ್ ಮುಂದೆ, ಗಾಡಿ ತಳ್ಳೋ ಚಕ್ರ ಹಿಂದೆ. ಮಧ್ಯೆ ತಿರುಗೋದು ಪ್ರೊಪೆಲ್ಲರ್ ಶಾಫ್ಟ್.

ಕ್ಲಚ್ ಬಿಟ್ಟ ಕೂಡಲೇ 'ಟಕ್' ಅಂತಿದ್ಯಾ? ಅನುಮಾನ ಮೊದಲು ಶಾಫ್ಟ್ ತುದಿಯ ಯು.ಜೆ. (ಯುನಿವರ್ಸಲ್ ಜಾಯಿಂಟ್) ಕ್ರಾಸ್ ಮೇಲೆ. ಅದರ ಟೋಪಿ ಸುತ್ತ ಕೆಂಪು ತುಕ್ಕಿನ ಪುಡಿ ಕಂಡ್ರೆ ಒಳಗೆ ಗ್ರೀಸ್ ಒಣಗಿದೆ ಅಂತಲೇ ಲೆಕ್ಕ.

ಅದನ್ನ ಬದಲಿಸೋಕೆ ಶಾಫ್ಟ್ ಬಿಚ್ಚೋಣ. ಸಮತಟ್ಟು ಜಾಗ. ಚಕ್ರಗಳಿಗೆ ಹಿಂದೆ ಮುಂದೆ ಗಟ್ಟಿ ಮರದ ತುಂಡು ಅಡ್ಡ ಇಡಿ. 'ಗೇರಲ್ಲಿ ನಿಲ್ಸಿದ್ದೀನಿ ಬಿಡಣ್ಣ' ಅನ್ನೋ ಮಾತು ಇಲ್ಲಿ ನಡೆಯಲ್ಲ. ಶಾಫ್ಟ್ ಕಳಚಿದ ಕ್ಷಣ ಗೇರಿಗೂ ಚಕ್ರಕ್ಕೂ ಸಂಬಂಧವೇ ಇರಲ್ಲ. ಇಳಿಜಾರಿದ್ರೆ ಗಾಡಿ ಹೊರಡುತ್ತೆ, ನೀವು ಅಡಿಯಲ್ಲಿರ್ತೀರಿ. ಬರೀ ಜಾಕ್ ನಂಬಿ ಅಡಿಗೆ ಹೋಗೋದಂತೂ ಬೇಡವೇ ಬೇಡ, ಸ್ಟ್ಯಾಂಡ್ ಕೊಡಿ.

ಈಗ ಸೀಮೆಸುಣ್ಣ ಅಲ್ಲ, ಪೇಂಟ್ ತಗೊಳ್ಳಿ. ಹಿಂದಿನ ಫ್ಲ್ಯಾಂಜ್ ಎರಡೂ ಭಾಗಕ್ಕೆ ಒಂದೇ ಗೆರೆ ಎಳೀರಿ. ಶಾಫ್ಟನ್ನ ಬ್ಯಾಲೆನ್ಸ್ ಮಾಡಿ ಕೂರಿಸಿರ್ತಾರೆ. ಗೆರೆ ತಪ್ಪಿಸಿ ಕೂರಿಸಿದ್ರೆ ಸ್ಪೀಡಲ್ಲಿ ಗಾಡಿ ನಡುಗಬಹುದು. ಹತ್ತು ಸೆಕೆಂಡಿನ ಕೆಲಸ, ಆದ್ರೂ ಎಷ್ಟೋ ಜನ ಮಾಡಲ್ಲ.

ಬೋಲ್ಟ್ ಸಡಿಲಿಸಿ. ಕೊನೇದು ತೆಗೆಯುವಾಗ ಇನ್ನೊಂದು ಕೈ ಶಾಫ್ಟ್ ಅಡಿಯಲ್ಲಿರಲಿ. ಮುಂದಿನ ತುದಿ ಗೇರ್‌ಬಾಕ್ಸ್ ಒಳಗೆ ಜಾರಿ ಕೂರೋ ಥರದ್ದಾದ್ರೆ ಹಿಂದಕ್ಕೆ ಎಳೀರಿ. ಆಯಿಲ್ ಸೋರುತ್ತೆ, ಕೆಳಗೆ ತಟ್ಟೆ ಇಡಿ, ಗೇರ್‌ಬಾಕ್ಸ್ ಬಾಯಿಗೆ ಶುಭ್ರ ಬಟ್ಟೆ ತುರುಕಿ.

ಕ್ರಾಸ್ ಬದಲಿಸಿ ಶಾಫ್ಟ್ ವಾಪಸ್ ಹಾಕುವಾಗ ಗೆರೆಗೆ ಗೆರೆ ಕೂಡಿಸಿ, ಕಂಪನಿ ಹೇಳಿದ ಟಾರ್ಕ್‌ಗೆ ಬಿಗೀರಿ. ಸೋರಿದಷ್ಟು ಗೇರ್ ಆಯಿಲ್ ತುಂಬಿಸಿಯೇ ಗಾಡಿ ತೆಗೀರಿ.