ಹಿತ್ತಲಲ್ಲಿ ಉಕ್ಕಿನ ಶೆಡ್: ಗೃಹೋದ್ಯೋಗಕ್ಕೆ ಹೊರಟವರು ಗಮನಿಸಬೇಕಾದ ಸಂಗತಿಗಳು

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮ ಕುಟುಂಬಗಳಿಗೆ ಅಂಗಡಿಯೇ ಆಧಾರ. ಬಟ್ಟೆ, ಕಿರಾಣಿ, ಕಾಳುಕಡಿಗಳ ವ್ಯಾಪಾರದಲ್ಲಿಯೇ ತಲೆಮಾರುಗಳು ಕಳೆದಿವೆ. ಈಗ ಮನೆಯ ಮಕ್ಕಳು, ಸೊಸೆಯಂದಿರು ಮಾರುವುದರ ಜೊತೆಗೆ ತಯಾರಿಸುವ ಕೆಲಸಕ್ಕೂ ಕೈಹಾಕಲು ಬಯಸುತ್ತಾರೆ. ಟವೆಲ್ಲಿನ ಅಂಚು ಹೊಲಿಯಲು, ಶಾಲೆಯ ಸಮವಸ್ತ್ರ ಸಿದ್ಧಪಡಿಸಲು ನಾಲ್ಕಾರು ಹೊಲಿಗೆ ಯಂತ್ರ ಇಟ್ಟರೆ ಪಡಸಾಲೆ ಸಾಲುವುದಿಲ್ಲ. ಆಗ ಹಿತ್ತಲಲ್ಲಿ ಉಕ್ಕಿನ ಕಂಬ ನಿಲ್ಲಿಸಿ ತಗಡು ಹೊದಿಸುವ ವಿಚಾರ ಬರುತ್ತದೆ. ಸಿಮೆಂಟಿನ ಸ್ಲ್ಯಾಬಿಗಿಂತ ಬೇಗ ಏಳುತ್ತದೆ. ಬೋಲ್ಟು ಹಾಕಿ ಕೂಡಿಸಿದ್ದಾದರೆ ಮುಂದೆ ಬಿಚ್ಚಿ ಬೇರೆ ಕಡೆ ಸಾಗಿಸಲೂಬಹುದು. ಆದರೆ ಸುಲಭವಾಗಿ ಏಳುವ ಕಟ್ಟಡವೆಂದು ಉದಾಸೀನ ಮಾಡಬಾರದು.

ನೆಲ ಮತ್ತು ಪಾಯ

ನಮ್ಮ ಭಾಗದ್ದು ಹೆಚ್ಚಾಗಿ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆಯೇ ಕಂಬ ನಿಲ್ಲಿಸಿದರೆ ಎರಡು ಮಳೆಗಾಲದಲ್ಲಿ ಒಂದು ಮೂಲೆ ಎದ್ದು ಬಾಗಿಲು ಹಾಕಲು ಬಾರದಂತಾಗುತ್ತದೆ. ಎರೆಯನ್ನು ದಾಟಿ ಗಟ್ಟಿ ಗರಸು ಸಿಗುವವರೆಗೆ ಕಂಬದ ಗುಂಡಿ ತೋಡಿಸಬೇಕು. ನೆಲದ ಕೆಳಗೂ ಎರೆ ತೆಗೆಸಿ ಗರಸು ತುಂಬಿ ಧಮ್ಮಸು ಮಾಡಿಸಬೇಕು.

ಚಾತುರ್ಮಾಸದಲ್ಲಿ ಮಣ್ಣು ಅಗೆಯುವ ಕೆಲಸ ಬೇಡವೆಂದು ನಮ್ಮ ಹಿರಿಯರು ಹೇಳುತ್ತ ಬಂದದ್ದು ಜೀವದಯೆಗಾಗಿ. ಮಳೆಗಾಲದ ನೆಲದಲ್ಲಿ ಜೀವರಾಶಿ ಹೆಚ್ಚು. ಒದ್ದೆ ಎರೆಯಲ್ಲಿ ತೋಡಿದ ಗುಂಡಿಯ ಬದಿ ಕುಸಿಯುವುದೂ ಉಂಟು. ಆದ್ದರಿಂದ ಕಾರ್ತಿಕ ಕಳೆದ ಮೇಲೆ ಕೆಲಸ ಹಿಡಿಯುವುದು ಧರ್ಮಕ್ಕೂ ಸರಿ, ಕಟ್ಟಡಕ್ಕೂ ಸರಿ.

ಗಾಳಿಯ ಲೆಕ್ಕ

ಶೆಡ್ ಬೀಳುವುದು ಭಾರದಿಂದಲ್ಲ, ಹೆಚ್ಚಾಗಿ ಗಾಳಿಯಿಂದ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಶೆಡ್ಡಿಗೆ ಅರ್ಧ ಮಿಲಿಮೀಟರ್ ದಪ್ಪದ ತಗಡು ಹೊದಿಸಿದರೆ ಆ ತಗಡಿನ ಒಟ್ಟು ತೂಕ ಸುಮಾರು ಮೂರು ಕ್ವಿಂಟಲ್. ಗಾಳಿ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ಪ್ರತಿ ಚದರ ಮೀಟರಿಗೆ 90 ಕಿಲೋ ಮೀರಿದ ಒತ್ತಡ ಬೀಳುತ್ತದೆ. ಬಯಲಿಗೆ ತೆರೆದ ಇಂಥ ಛಾವಣಿಯನ್ನು ಅದು ನಲವತ್ತು ಕ್ವಿಂಟಲಿಗೂ ಹೆಚ್ಚಿನ ಬಲದಿಂದ ಮೇಲಕ್ಕೆ ಎತ್ತಬಲ್ಲದು. ಮೂರು ಕ್ವಿಂಟಲಿನ ತಗಡು ತನ್ನ ಭಾರದಿಂದಲೇ ನಿಲ್ಲುವುದೆಂದು ನಂಬುವುದು ಹೇಗೆ? ಬದಿಯ ಬಾಗಿಲು ತೆರೆದಿದ್ದರೆ ಒಳಹೊಕ್ಕ ಗಾಳಿ ಇನ್ನಷ್ಟು ಎತ್ತುತ್ತದೆ.

ಹೀಗಾಗಿ ಪ್ರತಿ ಕಂಬದ ಬುಡದಲ್ಲಿ ಬೇಸ್ ಪ್ಲೇಟ್ ಇರಬೇಕು, ಅದನ್ನು ಕಾಂಕ್ರೀಟಿನಲ್ಲಿ ಹೂತ ನಾಲ್ಕು ಬೋಲ್ಟುಗಳು ಹಿಡಿದಿರಬೇಕು. ಕಂಬಗಳ ನಡುವೆ ಅಡ್ಡಪಟ್ಟಿಗಳ ಕತ್ತರಿ ಕಟ್ಟು ಇರಬೇಕು. ತಗಡಿನ ಸ್ಕ್ರೂಗಳಿಗೆ ರಬ್ಬರ್ ವಾಷರ್ ಬೇಕು. ಅಂಚಿನಲ್ಲಿ ಮತ್ತು ಮೂಲೆಯಲ್ಲಿ ಹೆಚ್ಚು ಸ್ಕ್ರೂ ಹಾಕಿಸಬೇಕು, ಏಕೆಂದರೆ ಗಾಳಿ ಮೊದಲು ಹಿಡಿಯುವುದು ಅಲ್ಲಿಯೇ. ಒಮ್ಮೆ ಇಂಜಿನಿಯರರಿಂದ ನಕ್ಷೆ ಮಾಡಿಸಿಕೊಳ್ಳುವ ಖರ್ಚು ದಂಡವಲ್ಲ.

ತೂಕ ನಮಗೆ ಗೊತ್ತು

ನಾವು ತಕ್ಕಡಿ ಹಿಡಿದು ಬೆಳೆದವರು. ಉಕ್ಕು ಕೊಳ್ಳುವಾಗಲೂ ಆ ಬುದ್ಧಿ ಬಿಡಬಾರದು. ಒಂದು ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಉಕ್ಕು 7.85 ಕಿಲೋ ತೂಗುತ್ತದೆ. ಈ ಒಂದು ಲೆಕ್ಕದಿಂದ ಪೈಪು, ತಗಡು ಎರಡರ ದಪ್ಪವನ್ನೂ ಪರೀಕ್ಷಿಸಬಹುದು. ಚದರ ಅಡಿ ದರದಲ್ಲಿ ಕೆಲಸ ಒಪ್ಪಿಸಿದರೆ ಪೈಪಿನ ಅಳತೆ ಮತ್ತು ದಪ್ಪವನ್ನು ಕರಾರಿನಲ್ಲಿ ಬರೆಸಿಕೊಳ್ಳಿರಿ. ಕಿಲೋ ದರದಲ್ಲಾದರೆ ಕಾಟಾ ಚೀಟಿ ಕೇಳಿರಿ. ಬಣ್ಣದ ತಗಡಿಗೆ ಹೇಳುವ ದಪ್ಪ ಬರಿ ಉಕ್ಕಿನದೋ, ಬಣ್ಣವನ್ನೂ ಸೇರಿಸಿದ್ದೋ ಎಂದು ಕೇಳುವುದನ್ನು ಮರೆಯಬೇಡಿರಿ. ಸ್ಥಳೀಯ ಪಂಚಾಯತಿ ಅಥವಾ ನಗರಸಭೆಯ ಪರವಾನಗಿಯನ್ನು ಪಾಯಕ್ಕಿಂತ ಮೊದಲೇ ಪಡೆಯಬೇಕು. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿಗೆ ಸರಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಹಣ ಕೇಳುವ ಮಧ್ಯಸ್ಥರಿಂದ ದೂರವಿರಿ.

ಬೆಂಕಿ ಮತ್ತು ವಿದ್ಯುತ್ತು

2025ರ ಮೇ 18ರ ಬೆಳಗಿನ ಜಾವ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂ.ಐ.ಡಿ.ಸಿ.ಯಲ್ಲಿ ಒಂದು ಟವೆಲ್ ಕಾರ್ಖಾನೆಗೆ ಬೆಂಕಿ ಹತ್ತಿ ಎಂಟು ಜನ ತೀರಿಕೊಂಡರು. ಮಾಲೀಕರೂ ಅವರ ಕುಟುಂಬದವರೂ ಅವರಲ್ಲಿದ್ದರು. ಅವರ ವಾಸವೂ ಅಲ್ಲಿಯೇ ಇತ್ತು. ಮನೆ ಮತ್ತು ಕಾರ್ಖಾನೆಯನ್ನು ಕೂಡಿಸಲು ಹೊರಟ ಪ್ರತಿಯೊಂದು ಕುಟುಂಬವೂ ಈ ದುಃಖದಿಂದ ಪಾಠ ಕಲಿಯಬೇಕು.

ಉಕ್ಕು ಸುಡುವುದಿಲ್ಲವೆಂಬುದು ಅರ್ಧ ಸತ್ಯ. 600 ಡಿಗ್ರಿ ಸೆಲ್ಸಿಯಸ್ ಕಾವಿಗೆ ಅದರ ಬಲ ಅರ್ಧಕ್ಕಿಂತ ಕಡಿಮೆಯಾಗಿ ಬಾಗುತ್ತದೆ. ಒಳಗಿನ ನೂಲು, ಬಟ್ಟೆಗಳಂತೂ ಸುಡುವ ವಸ್ತುಗಳೇ. ಆದ್ದರಿಂದ ಶೆಡ್ಡನ್ನು ಮನೆಯ ಗೋಡೆಗೆ ಅಂಟಿಸದೆ ನಡುವೆ ಬಯಲು ಬಿಡಬೇಕು. ಎದುರುಬದುರು ಎರಡು ಬಾಗಿಲು ಇರಲಿ, ಅವು ಹೊರಕ್ಕೆ ತೆರೆಯಲಿ. ಒಂದೇ ಶಟರ್ ನಂಬಿ ಒಳಗೆ ಯಾರೂ ಮಲಗಬಾರದು. ಅಟ್ಟದ ಮೇಲೆ ಮಾಲು ತುಂಬಿ ಅದರ ಕೆಳಗೆ ದಾರಿ ಮುಚ್ಚಬಾರದು.

ಉಕ್ಕಿನ ಕಟ್ಟಡದಲ್ಲಿ ಒಂದು ತಂತಿಯ ಸಿಪ್ಪೆ ಸುಲಿದರೆ ಇಡೀ ಗೋಡೆಗೆ ವಿದ್ಯುತ್ತು ಹರಿಯಬಹುದು. ಶೆಡ್ಡಿನ ಚೌಕಟ್ಟಿಗೆ ಅರ್ಥಿಂಗ್ ಮಾಡಿಸಿ, 30 ಮಿಲಿ ಆಂಪಿಯರಿಗೆ ತಾನೇ ಕಡಿಯುವ ಆರ್.ಸಿ.ಸಿ.ಬಿ. ಹಾಕಿಸುವುದು ಕಡ್ಡಾಯವೆಂದೇ ತಿಳಿಯಿರಿ. ಮನೆಯ ಲೈನಿನಿಂದ ಎಳೆದ ತಂತಿಯ ಮೇಲೆ ಯಂತ್ರಗಳನ್ನು ಓಡಿಸಬೇಡಿರಿ.

ಬಿಸಿಲು, ನೀರು, ಜೀವದಯೆ

ನಮ್ಮ ಬೇಸಿಗೆಗೆ ತಗಡಿನ ಕೆಳಗೆ ಕೂಡುವವರು ಹೆಣ್ಣುಮಕ್ಕಳು ಮತ್ತು ಕೂಲಿಯವರು. ಅವರನ್ನು ಬೇಯಿಸಿ ದುಡಿಸುವುದೂ ಹಿಂಸೆಯೇ. ಬದಿಗೋಡೆಯ ಎತ್ತರ ಹನ್ನೆರಡು ಅಡಿಗೆ ಕಡಿಮೆ ಬೇಡ. ತಗಡಿನ ಮೇಲ್ಭಾಗ ಬಿಳಿ ಇರಲಿ, ಕೆಳಗೆ ಶಾಖ ತಡೆಯುವ ಹೊದಿಕೆ ಇರಲಿ, ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ದಾರಿ ಇರಲಿ. ಆ ದಾರಿಗೆ ಮೊದಲ ದಿನವೇ ಜಾಳಿಗೆ ಹಾಕಿದರೆ ಪಾರಿವಾಳ ಗೂಡು ಕಟ್ಟುವುದಿಲ್ಲ; ಮರಿಯಾದ ಮೇಲೆ ಗೂಡು ಕೀಳುವ ಪಾಪವೂ ತಪ್ಪುತ್ತದೆ. ರಾತ್ರಿ ದೀಪಕ್ಕೆ ಹುಳು ಮುತ್ತುವುದರಿಂದ ಹಗಲಲ್ಲೇ ಕೆಲಸ ಮುಗಿಯುವಂತೆ ಬೆಳಕಿನ ಹಾಳೆಗಳನ್ನು ಛಾವಣಿಯಲ್ಲಿ ಕೂಡಿಸುವುದು ಒಳ್ಳೆಯದು.

ನೂರು ಮಿಲಿಮೀಟರ್ ಮಳೆಯಾದರೆ ಇಂಥ ಛಾವಣಿಯಿಂದ ಐದು ಸಾವಿರ ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಹರನಾಳಿಗೆ ಕಟ್ಟಿ ಹೌದಕ್ಕೆ ಬಿಡಿರಿ. ನೀರನ್ನು ಗಾಳಿಸಿ ಬಳಸುವ ನಮಗೆ ಅದು ವ್ಯರ್ಥವಾಗಿ ಹರಿದುಹೋಗಬಾರದು. ನೀರು ಪಾಯದ ಪಕ್ಕದ ಎರೆಯಲ್ಲಿ ಇಂಗದಂತೆಯೂ ಆಗುತ್ತದೆ.

ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆ ನಾಲ್ಕು ಬಗೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣ ಬಿಡಬೇಕು. ಮನೆಗೆಲಸ, ವ್ಯಾಪಾರ, ಉದ್ಯೋಗದಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ಹೊಸ ಶೆಡ್ಡಿನಲ್ಲಿ ಈ ಎಚ್ಚರ ಎಂದರೆ ಎರಡನೆಯ ಬಾಗಿಲು, ಸರಿಯಾದ ಅರ್ಥಿಂಗ್, ಎತ್ತರದಲ್ಲಿ ಕೆಲಸ ಮಾಡುವ ಕೂಲಿಯವನ ಸೊಂಟಕ್ಕೆ ಬೆಲ್ಟು. ಪರಿಗ್ರಹ ಪರಿಮಾಣದ ವ್ರತವೂ ಇಲ್ಲಿ ನೆನಪಿರಲಿ: ನಾಲ್ಕು ಯಂತ್ರಕ್ಕೆ ಬೇಕಾದಷ್ಟೇ ಕಟ್ಟಿರಿ. ಉದ್ಯೋಗ ಬೆಳೆದರೆ ಬೋಲ್ಟು ಬಿಚ್ಚಿ ಇನ್ನೊಂದು ಅಂಕಣ ಸೇರಿಸಲು ಬರುತ್ತದೆ.