ಕೈ ನಡುಗಿದ ಮಾತ್ರಕ್ಕೆ ಕೈಲಾಗದವನಲ್ಲ!

ಹೊನಲು ಬೆಳಕಿನ ಕಬಡ್ಡಿ. ಕೊಪ್ಪದ ಕಡೆ ಹೋಗಿ, ನರಸಿಂಹರಾಜಪುರದ ಕಡೆ ಹೋಗಿ, ನೋಟ ಒಂದೇ. ಅಡಿಕೆ ಕೊಯ್ಲು ಮುಗಿದು ಊರಿಗೆ ಉಸಿರಾಡಲು ಪುರುಸೊತ್ತು ಸಿಕ್ಕ ಮೇಲೆ ಸುತ್ತಲ ಹಳ್ಳಿಯವರೆಲ್ಲ ಅಂಕಣದ ಸುತ್ತ ಜಮಾಯಿಸುತ್ತಾರೆ. ದಿನಾ ಸಂಜೆ ಗದ್ದೆ ಬಯಲಲ್ಲಿ ಮೂವರನ್ನು ಎಳಕೊಂಡು ಬರುವ ಹುಡುಗ, ಫೈನಲ್ಲಿನ ಕೊನೇ ರೈಡಿಗೆ ಹೋದವನು ಗೆರೆ ದಾಟಿ ಮರಗಟ್ಟಿ ನಿಲ್ಲುತ್ತಾನೆ. ‘ಥೂ, ಇವನಿಗೆ ಎದೆಯೇ ಇಲ್ಲ ಮಾರಾಯ’ ಅಂತ ಹಿಂದಿನಿಂದ ಕೂಗು. ಮುಗೀತು! ಮುಂದಿನ ವರ್ಷ ಅವನು ಅಂಕಣದ ಹತ್ತಿರಕ್ಕೇ ಸುಳಿಯೋದಿಲ್ಲ.

ಅವನ ತಂಗಿಯದೂ ಇದೇ ಪಾಡು. ಎಸ್ಸೆಸ್ಸೆಲ್ಸಿ ಗಣಿತದ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಬರುವ ಲೆಕ್ಕವೂ ಮರೆತುಹೋಗುತ್ತದೆ. ಅವಳಿಗೆ ‘ದಡ್ಡಿ’ ಅನ್ನುವ ಪಟ್ಟ.

ಎದೆ ಇಲ್ಲ ಅನ್ನುವವರು ಇದೇ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿಯವರನ್ನು ನೆನೆಯಬೇಕು. ಚಿಕ್ಕಂದಿನಲ್ಲೇ ಕರಾಟೆ ಕಲಿತು ಬ್ಲ್ಯಾಕ್ ಬೆಲ್ಟ್ ಪಡೆದವರು. 2017ರ ಮಹಿಳಾ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ಎದುರು, ಗೆಲ್ಲಲೇಬೇಕಾದ ಪಂದ್ಯದಲ್ಲಿ, 45 ಚೆಂಡಿಗೆ 70 ರನ್ ಚಚ್ಚಿದರು. ಎಂಟು ದಿನ ಕಳೆದು ಲಾರ್ಡ್ಸ್‌ನಲ್ಲಿ ಫೈನಲ್. ಇಂಗ್ಲೆಂಡಿನ 228ಕ್ಕೆ ಎದುರಾಗಿ ಭಾರತ 3 ವಿಕೆಟ್ಟಿಗೆ 191. ಗೆದ್ದೇ ಬಿಟ್ಟೆವು ಅಂದುಕೊಳ್ಳುವಷ್ಟರಲ್ಲಿ 28 ರನ್ನಿಗೆ ಏಳು ವಿಕೆಟ್! ಸೋಲು 9 ರನ್ನಿನಿಂದ. 35 ರನ್ ಮಾಡಿದ್ದ ವೇದಾ ಕೂಡ ಆ ಗಡಿಬಿಡಿಯಲ್ಲೇ ಔಟಾದರು. ಶ್ರಬ್‌ಸೋಲ್ ಬೌಲಿಂಗ್ ಚೆನ್ನಾಗಿತ್ತು, ನಿಜ. ಆದರೆ ತಂಡ ಗಾಬರಿಬಿತ್ತು ಅನ್ನೋದನ್ನು ನಾಯಕಿ ಮಿಥಾಲಿ ರಾಜ್ ಅವರೇ ಒಪ್ಪಿಕೊಂಡರು.

ಗಾಬರಿ ಅಂದರೆ ಹೇಡಿತನವಲ್ಲ. ಅಡ್ರಿನಲಿನ್ ಏರಿ ಎದೆ ಹೊಡಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಮೈ ಕೆಲಸಕ್ಕೆ ಸಜ್ಜಾಗುವ ಪರಿ ಅದು. ತೊಂದರೆ ಶುರುವಾಗೋದು ‘ಎಲ್ಲರೂ ನೋಡ್ತಿದಾರೆ, ಸೋತರೆ?’ ಅಂತ ಮನಸ್ಸು ಓಡಿದಾಗ. ತನ್ನಷ್ಟಕ್ಕೆ ನಡೆಯುತ್ತಿದ್ದ ಕಾಲನ್ನು ಎಲ್ಲಿಡಲಿ ಅಂತ ಯೋಚಿಸುತ್ತ ನಿಂತರೆ ತೊಡರದೆ ಇನ್ನೇನು?

‘ಧೈರ್ಯ ತಗೋ’ ಅಂದರೆ ಧೈರ್ಯ ಬರೋದಿಲ್ಲ, ಮಾಡಲಿಕ್ಕೆ ಏನಾದರೂ ಕೆಲಸ ಕೊಡಬೇಕು. ನಾಲ್ಕು ಎಣಿಸಿ ಉಸಿರು ಒಳಗೆ, ಆರು ಎಣಿಸಿ ಹೊರಗೆ, ಐದಾರು ಸಲ. ಹಿಂದಿನ ರಾತ್ರಿ ಕಣ್ಣುಮುಚ್ಚಿ ಮನಸ್ಸಿನಲ್ಲೇ ಒಂದು ರೈಡ್. ಕಪ್ ಎತ್ತಿದ ಕನಸಲ್ಲ, ಎದುರಾಳಿ ಕಾಲಿಗೆ ಬಿದ್ದದ್ದು, ಬಿಡಿಸಿಕೊಂಡದ್ದು.

ಪಟ್ಟಣದವರ ಶೋಕಿ ಅಂತೀರಾ? 2011ರಲ್ಲಿ ವಿಶ್ವಕಪ್ ಗೆದ್ದ ಕ್ರಿಕೆಟ್ ತಂಡಕ್ಕೆ ಮನಸ್ಸಿನ ತರಬೇತಿಗೆಂದೇ ಪ್ಯಾಡಿ ಅಪ್ಟನ್ ಇದ್ದರು. 2024ರಲ್ಲಿ ಚೆಸ್ ವಿಶ್ವ ಚಾಂಪಿಯನ್ ಆದ ಗುಕೇಶ್ ಜೊತೆಗೂ ಅವರೇ. ಮಲೆನಾಡಿಗೆ ಇದು ಹೊಸತೂ ಅಲ್ಲ. ಯಕ್ಷಗಾನದ ಚೌಕಿಗೆ ಹೋಗಿ ನೋಡಿ: ಬಣ್ಣ, ವೇಷ, ಗೆಜ್ಜೆ, ಗಣಪತಿಗೆ ಕೈಮುಗಿಯೋದು, ದಿನಾ ಅದೇ ಕ್ರಮ. ರಂಗಕ್ಕೆ ಹೋಗುವ ಮುಂಚೆ ಚಿತ್ತ ಒಂದು ಕಡೆ ನಿಲ್ಲಲು ಅಷ್ಟು ಸಾಕು.

ಶೃಂಗೇರಿಯಲ್ಲಾಗಲಿ, ಕೊಪ್ಪದಲ್ಲಾಗಲಿ, ಪಿ.ಟಿ. ಮೇಷ್ಟ್ರುಗಳು ಅಭ್ಯಾಸದ ದಿನವೇ ನಾಲ್ಕು ಹುಡುಗರನ್ನು ಬದಿಗೆ ನಿಲ್ಲಿಸಿ ಬೇಕಂತಲೇ ಕೂಗಿಸಬಹುದು. ಕ್ಲಾಸಿನಲ್ಲೂ ಗಡಿಯಾರ ಇಟ್ಟು, ಬೆಂಚಿಗೊಬ್ಬರಂತೆ ಕೂರಿಸಿ ಪರೀಕ್ಷೆಯ ತಾಲೀಮು ನಡೆಸಬಹುದು. ಕಾಸು ಖರ್ಚಿಲ್ಲ.

ಊಟ, ನಿದ್ದೆ ಬಿಟ್ಟು ಕೂರುವಷ್ಟು ಹೆದರಿಕೆಯಿದ್ದರೆ ಮಾತ್ರ ತಡಮಾಡಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ ನಂಬರು 14416. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.