ಗುಳಿಗೆ ಚೀಲ ಬಿಚ್ಚಿ ನೋಡುವವರು

ಕಿತ್ತೂರಿನ ಹತ್ತಿರದ ದೇಗಾಂವಕ್ಕೆ ಹೊರಗಿನವರು ಬರುವುದು ಗುಡಿ ನೋಡಲು. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯ ಅಲ್ಲಿದೆ. ಊರಿನ ಹಿರಿಜೀವಗಳು ಮಾತ್ರ ದೊಡ್ಡ ಆಸ್ಪತ್ರೆ ಬೇಕೆಂದರೆ ಹೆದ್ದಾರಿ ಹಿಡಿದು ಬೆಳಗಾವಿಗೋ ಧಾರವಾಡಕ್ಕೋ ಹೊರಡಬೇಕು. ಸಕ್ಕರೆ ಕಾಯಿಲೆಗೆ ಒಬ್ಬ ಡಾಕ್ಟರು, ಎದೆಗೆ ಇನ್ನೊಬ್ಬರು, ಮೊಣಕಾಲಿಗೆ ಮತ್ತೊಬ್ಬರು. ಒಂದೊಂದಾಗಿ ನೋಡಿದರೆ ಮೂರು ಚೀಟಿಯೂ ಸರಿ. ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದುವವರು ಯಾರು?

ಆ ಓದು ಒಂದು ಕಸುಬು, ಹಿರಿಯರ ವೈದ್ಯದ ಕಸುಬು. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಡಾ. ಮಾರ್ಜರಿ ವಾರೆನ್ ಅವರ ಪಾಲಿಗೆ ಪಕ್ಕದ ಬಡವರ ಆಶ್ರಯಮನೆಯ 714 ರೋಗಿಗಳು ಬಂದರು. ವಾಸಿಯಾಗದವರೆಂದು ಹಾಸಿಗೆಗೆ ಬಿಟ್ಟಿದ್ದ ಆ ಮುದುಕರನ್ನು ಅವರು ಒಬ್ಬೊಬ್ಬರಾಗಿ ಪರೀಕ್ಷಿಸಿದರು, ಎಬ್ಬಿಸಿ ನಡೆಸಿದರು, ಎಷ್ಟೋ ಮಂದಿಯನ್ನು ಮನೆಗೆ ಕಳಿಸಿದರು. ನಮ್ಮಲ್ಲಿ ಚೆನ್ನೈನ ಡಾ. ವಿ.ಎಸ್. ನಟರಾಜನ್ 1978ರಲ್ಲಿ ಹಿರಿಯರಿಗೆಂದೇ ಹೊರರೋಗಿ ವಿಭಾಗ ತೆರೆದರು. ಬೆಂಗಳೂರಿನಲ್ಲಿ 1998ರಿಂದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಈ ಕೆಲಸದಲ್ಲಿದೆ.

ಇಂಥ ಹಿರಿಯರ ಗುಳಿಗೆ ಚೀಲ ಬಿಚ್ಚಿದರೆ ಏನು ಕಾಣುತ್ತದೆ? ಬಿಪಿಗೆ ಟೆಲ್ಮಿಸಾರ್ಟನ್, ಕಾಲಿನ ಬಾವಿಗೆ ಮೂತ್ರ ಹೆಚ್ಚಿಸುವ ಗುಳಿಗೆ, ಮಂಡಿನೋವಿಗೆ ಅಂಗಡಿಯಿಂದ ತಾವೇ ತಂದ ಡೈಕ್ಲೋಫಿನಾಕ್. ಈ ಮೂರೂ ಜೊತೆಯಾದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ವಾಂತಿಭೇದಿಯಾಗಿ ಮೈಯ ನೀರು ಕಡಿಮೆಯಾದಾಗಂತೂ ಅಪಾಯ ಹೆಚ್ಚು. ನೋವಿನ ಗುಳಿಗೆ ಬಿಪಿಯನ್ನೂ ಏರಿಸುತ್ತದೆ. ಬಿಪಿ ಏರಿತೆಂದು ಇನ್ನೊಂದು ಗುಳಿಗೆ ಸೇರುತ್ತದೆ. ಬೇಕಾಗಿದ್ದದ್ದು ಒಂದನ್ನು ಬಿಡಿಸುವುದು! ಶ್ರಾವಣ ಸೋಮವಾರದ ಉಪವಾಸ ಇನ್ನೊಂದು ಸಂಗತಿ. ಅಜ್ಜಿ ರೊಟ್ಟಿ ಮುಟ್ಟುವುದಿಲ್ಲ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ಮಾತ್ರ ತಪ್ಪಿಸುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಕ್ಕರೆ ಇಳಿದು, ಬೆವರಿ, ತಲೆ ತಿರುಗಿ ಬೀಳುತ್ತಾರೆ. ಮನೆಯವರು ಅದನ್ನು ಮುಪ್ಪಿನ ನಿಶ್ಶಕ್ತಿ ಎಂದುಕೊಳ್ಳುತ್ತಾರೆ.

ಇಂಥ ಮನೆಗಳ ಹೊಸ್ತಿಲಿಗೇ ಹೋಗುವ ಪ್ರಯತ್ನ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳತ್ತ ಹೊರಳಿತು. 30 ದಾಟಿದವರ ಬಿಪಿ, ಸಕ್ಕರೆ ತಪಾಸಣೆ ಮಾಡುವುದು, ಔಷಧ ಉಚಿತವಾಗಿ ಕೊಡುವುದು ಇದರ ತಿರುಳು. ಮನೆಮನೆಯ ಪರಿಚಯ ಆಶಾ ಕಾರ್ಯಕರ್ತೆಗಿದೆ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ಇ-ಸಂಜೀವಿನಿಯ ಮೂಲಕ ಡಾಕ್ಟರರನ್ನು ತೆರೆಯ ಮೇಲೆ ಕರೆಸುವ ಅನುಕೂಲವಿದೆ. ದಿಕ್ಕು ತೋಚದ ಹಿರಿಯರಿಗೆ 14567 ಸಹಾಯವಾಣಿಯೂ ಇದೆ.

ತಪಾಸಣೆಯ ದಾಖಲೆ ತುಂಬುವಷ್ಟಕ್ಕೇ ಈ ಭೇಟಿ ಮುಗಿಯಬಾರದು. ಗೂಟಕ್ಕೆ ನೇತು ಹಾಕಿದ ಪ್ಲಾಸ್ಟಿಕ್ ಚೀಲವನ್ನು ಕೆಳಗಿಳಿಸಿ, ಕಟ್ಟೆಯ ಮೇಲೆ ಸುರುವಬೇಕು: ಬೆಳಗಾವಿಯ ಗುಳಿಗೆ, ಧಾರವಾಡದ ಗುಳಿಗೆ, ಸಂತೆಯಲ್ಲಿ ಕೊಂಡ ಚೂರ್ಣ, ಅವಧಿ ಮುಗಿದ ಮುಲಾಮು, ಎಲ್ಲವನ್ನೂ. ಆಮೇಲೆ ಅಜ್ಜಿಯನ್ನೇ ಕೇಳಬೇಕು, ಇದರಲ್ಲಿ ನೀವು ದಿನಾ ತಗೊಳ್ಳೋದು ಯಾವುದ್ರೀ ಅಂತ.